ಬೂಟು ಹೊರಗೆ ಬಿಟ್ಟು ಬಂದ ಹುಡುಗ

ಮೊನ್ನೆ ರಕ್ತ ತಪಾಸಣೆಗೆ ಹೋಗಿದ್ದೆ. ವಯಸ್ಸು ಅರವತ್ತರ ಹತ್ತಿರ ಬಂದರೆ ಸಾಕು, ಡಾಕ್ಟರಿಗೆ ನಮ್ಮ ರಕ್ತದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿಬಿಡುತ್ತದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ತಣ್ಣನೆಯ, ಚುರುಕು ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿ ಮರೆತುಹೋಯಿತು. ಕ್ಯಾಸೆಟ್ ಅಂಗಡಿಯ ಕಾಕಾ ಕಣ್ಣ ಮುಂದೆ ಬಂದು ನಿಂತರು. ಕೈಯಲ್ಲಿ ಹಳೆಯ ಧೋತರದ ಚೂರು, ಮುಂದೆ ಮುಚ್ಚಳ ಬಿಚ್ಚಿಟ್ಟ ವಿಸಿಆರ್, ಪಕ್ಕದಲ್ಲಿ ಅದನ್ನು ಒರೆಸುವ ಸ್ಪಿರಿಟ್ ಬಾಟಲಿ...

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಮದುವೆಯಾದ ಹೊಸದರಲ್ಲಿ ನಾವು ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಮಾಳಿಗೆಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮನೆಯ ಮಾಲೀಕರು, ಗಂಡ ಹೆಂಡತಿ ಇಬ್ಬರೇ. ಮುಂದಿನ ಕೋಣೆಯನ್ನು ಅಂಗಡಿ ಮಾಡಿಕೊಂಡು ಕಾಕಾ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅಂಗಡಿಗೂ ಒಳಮನೆಗೂ ನಡುವೆ ಒಂದು ಹೂವಿನ ಪರದೆ. ಪರದೆಯ ಆಚೆ ಅವರ ಹೆಂಡತಿ ಕಾಕೂ ಇರುತ್ತಿದ್ದರು, ಈಚೆ ಬರುತ್ತಿರಲಿಲ್ಲ.

ಕಾಕಾ ಸಿಡುಕಿನ ಮನುಷ್ಯ. ಕ್ಯಾಸೆಟ್ಟನ್ನು ಮತ್ತೆ ಮೊದಲಿನವರೆಗೆ ಹಿಂದಕ್ಕೆ ಸುತ್ತದೆ ತಂದುಕೊಟ್ಟವರಿಗೆ ಮಂಗಳಾರತಿ ಗ್ಯಾರಂಟಿ. ಆದರೆ ಅಂಗಡಿಗೆ ಯಾರಾದರೂ ಮಗುವನ್ನು ಕರೆತಂದರೆ ಅವರ ಚಹರೆಯೇ ಬೇರೆಯಾಗುತ್ತಿತ್ತು. ಕಟ್ಟೆಯಿಂದ ಇಳಿದು ಬಂದು ಮಗುವಿನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ತಾಯಿ ಕ್ಯಾಸೆಟ್ ಆರಿಸಿ, ಚೀಲಕ್ಕೆ ಹಾಕಿಕೊಂಡು, ಮಗುವಿನ ಇನ್ನೊಂದು ಕೈ ಹಿಡಿದಳೋ ಇಲ್ಲವೋ ಎಂದು ನೋಡಿಯೇ ಬಿಡುತ್ತಿದ್ದರು. ಕೆಲವು ಮಕ್ಕಳು ಅಳುತ್ತಿದ್ದವು, ಅಷ್ಟು ಬಿಗಿ. ನಾನು ಶಿಶುವಿಹಾರದಲ್ಲಿ ಕಲಿಸುವವಳು, ಮಕ್ಕಳನ್ನು ಹೀಗೆ ಹಿಡಿಯಬಾರದು ಎಂದು ಒಮ್ಮೆ ಹೇಳಿಯೂ ಬಿಟ್ಟೆ. ಕಾಕಾ ನನ್ನತ್ತ ನೋಡಿ ಮತ್ತೆ ಕಟ್ಟೆ ಹತ್ತಿ ಕೂತರು. ಅವರ ಒಬ್ಬನೇ ಮಗ, ನಾಲ್ಕು ವರ್ಷದವನು, ಬಹಳ ಹಿಂದೆ ಹುಬ್ಬಳ್ಳಿ ಸ್ಟೇಷನ್ನಿನ ಗದ್ದಲದಲ್ಲಿ ಕಳೆದುಹೋಗಿದ್ದ ಎಂದು ನನಗೆ ಆಮೇಲೆ ಓಣಿಯವರಿಂದ ತಿಳಿಯಿತು. ಹುಡುಕದ ಊರಿಲ್ಲ, ಹರಕೆ ಹೊರದ ಗುಡಿಯಿಲ್ಲ, ದರ್ಗಾ ಇಲ್ಲ. ಹುಡುಗ ಸಿಗಲಿಲ್ಲ.

ಶನಿವಾರ ಶಿಶುವಿಹಾರದ ಮಕ್ಕಳಿಗೆ ತೋರಿಸಲೆಂದು ನಾನು ಕ್ಯಾಸೆಟ್ ಒಯ್ಯುತ್ತಿದ್ದೆ. ಆಗ ಮುಂಬೈ ಕಡೆಯಿಂದ ಒಂದು ತರಹದ ಮಕ್ಕಳ ಕ್ಯಾಸೆಟ್‌ಗಳು ಬರುತ್ತಿದ್ದವು. ಸಿನಿಮಾಕ್ಕೆ ಮಾತೇ ಇಲ್ಲದ ಕಾಲದಲ್ಲಿ ಯಾವುದೋ ದೇಶದಲ್ಲಿ ತೆಗೆದ ಚಿಕ್ಕ ಚಿಕ್ಕ ನಗೆ ಚಿತ್ರಗಳು. ಅವುಗಳ ತುಂಬ ಓಣಿಯ ತುಂಟ ಹುಡುಗರು, ಒಂದು ನಾಯಿ, ಬಿದ್ದು ಏಳುವುದು, ಓಡುವುದು, ಪೊಲೀಸನಿಗೆ ಚಳ್ಳೆಹಣ್ಣು ತಿನ್ನಿಸುವುದು. ಕ್ಯಾಸೆಟ್ ಮಾಡಿದ ಕಂಪನಿಯವರು ಅವನ್ನು ಇದ್ದ ಹಾಗೆ ಬಿಟ್ಟಿರಲಿಲ್ಲ. ನಡುನಡುವೆ ಬರೆದು ತೋರಿಸುತ್ತಿದ್ದ ಮಾತುಗಳನ್ನು ತೆಗೆದು ಇಂಗ್ಲಿಷಿನಲ್ಲಿ ಒಬ್ಬ ವಟವಟ ಹೇಳುವ ಹಾಗೆ ಮಾಡಿದ್ದರು. ಯಾರಾದರೂ ಬಿದ್ದರೆ ಡಬ್ಬ ಬಡಿದ ಸದ್ದು. ಉದ್ದವಾಯಿತು ಎನಿಸಿದ್ದನ್ನು ಕತ್ತರಿಸಿ, ಒಂದು ಚಿತ್ರದ ಬಾಲಕ್ಕೆ ಇನ್ನೊಂದು ಚಿತ್ರದ ತಲೆ ಜೋಡಿಸಿದ್ದರು. ನಮ್ಮ ಮಕ್ಕಳಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ನಾನು ಟೀವಿಯ ಸದ್ದು ಪೂರ್ತಿ ಇಳಿಸಿ ಕನ್ನಡದಲ್ಲಿ ನನಗೆ ತೋಚಿದ ಕತೆ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಕಾಕಾ ಅಂಥದೊಂದು ಹೊಸ ಕ್ಯಾಸೆಟ್ಟನ್ನು ಅಂಗಡಿಯ ಟೀವಿಗೆ ಹಾಕಿ ನನಗೆ ತೋರಿಸುತ್ತಿದ್ದರು. ಹುಡುಗರೆಲ್ಲ ಸೇರಿ ಹಳೆಯ ಪೆಟ್ಟಿಗೆಗಳಿಗೆ ಗಾಲಿ ಕಟ್ಟಿ ಬಂಡಿ ಮಾಡುತ್ತಾರೆ. ಎಲ್ಲರಿಗಿಂತ ಸಣ್ಣವನೊಬ್ಬ, ತಲೆಗೆ ದೊಡ್ಡ ಟೊಪ್ಪಿಗೆ, ಕಾಲಿಗೆ ಅಪ್ಪನದೇ ಇರಬೇಕು ಎನ್ನುವಷ್ಟು ದೊಡ್ಡ ಬೂಟು, ಹಿಂದಿನ ಪೆಟ್ಟಿಗೆಯಲ್ಲಿ ಕೂತಿರುತ್ತಾನೆ. ಬಂಡಿ ಇಳಿಜಾರಿನಲ್ಲಿ ಓಡುತ್ತದೆ. ತಿರುವಿನಲ್ಲಿ ಹಿಂದಿನ ಪೆಟ್ಟಿಗೆ ಕಳಚಿಕೊಂಡು ಸಂತೆಯ ಜನರ ನಡುವೆ ಉರುಳಿ ಹೋಗುತ್ತದೆ. ಸಣ್ಣವನು ಕೈ ಬೀಸುತ್ತ ಕೂತೇ ಇರುತ್ತಾನೆ, ಜನ ಅಡ್ಡ ಬರುತ್ತಾರೆ, ಅವನು ಕಾಣುವುದಿಲ್ಲ. ಮರುಕ್ಷಣ ಉಳಿದ ಹುಡುಗರು ಒಂದು ಬೇಕರಿಯಲ್ಲಿ ಹಿಟ್ಟು ಎರಚಾಡುತ್ತಿರುತ್ತಾರೆ. ಅದು ಬೇರೆಯದೇ ಚಿತ್ರ, ತಂದು ಅಂಟಿಸಿದ್ದು. ಕೊನೆಯಲ್ಲಿ ಎಲ್ಲರೂ ಹಿಟ್ಟು ಮೆತ್ತಿಕೊಂಡು ನಗುತ್ತಾರೆ.

ನಾನೂ ನಗುತ್ತಿದ್ದೆ. ಹಿಂದೆ ಪರದೆ ಸರಿದ ಸದ್ದಾಯಿತು. ಕಾಕೂ ಅಂಗಡಿಯೊಳಗೆ ಬಂದು ನಿಂತಿದ್ದರು.

"ಆ ಸಣ್ಣಾಂವ ಎಲ್ಲಿ ಹೋದ?" ಎಂದರು.

ಕಾಕಾನ ಕೈಯಲ್ಲಿದ್ದ ಬಟ್ಟೆಯ ಚೂರು ವಿಸಿಆರಿನ ಮೇಲೆ ಸುಮ್ಮನೆ ಆಡುತ್ತಿತ್ತು.

ಅಂದಿನಿಂದ ಕಾಕೂ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಬಂದು ಅದನ್ನೇ ಹಾಕಲು ಹೇಳುತ್ತಿದ್ದರು. ಸಣ್ಣವನು ಜನರಲ್ಲಿ ಮರೆಯಾಗುವವರೆಗೆ ನೋಡುವುದು, ಬೇಕರಿ ಬರುತ್ತಲೇ ಎದ್ದು ಒಳಗೆ ಹೋಗುವುದು. ಅವರು ಅತ್ತದ್ದನ್ನು ನಾನು ಕಾಣೆ. ಕಾಕಾ ಮಾತ್ರ ದಿನದಿನಕ್ಕೆ ಇಳಿದುಹೋದರು. ಮುಂದಿನ ಭಾಗ ಎಲ್ಲಾದರೂ ಇದ್ದೇ ಇರಬೇಕು ಎಂದು ಅವರು ಹಟಕ್ಕೆ ಬಿದ್ದರು. ಅದೇ ಚಿತ್ರ ಬೇರೆ ಬೇರೆ ಕಂಪನಿಗಳಿಂದ ಬೇರೆ ಬೇರೆ ಹೆಸರಿನಲ್ಲಿ ಬಂದಿತ್ತು. ಒಂದರಲ್ಲಿ ಬಂಡಿ ಹೊರಡುವುದಕ್ಕೇ ಮುಗಿಯುತ್ತಿತ್ತು. ಇನ್ನೊಂದರಲ್ಲಿ ಸಣ್ಣವನು ಬಂಡಿ ಹತ್ತುವುದೇ ಇಲ್ಲ. ಕ್ಯಾಸೆಟ್ ತಂದುಕೊಡುವ ಸೇಲ್ಸ್‌ಮನ್ನಿನ ಬೆನ್ನು ಹತ್ತಿದರು. ಅವನು, ಮಕ್ಕಳ ಪಿಕ್ಚರಿನ ಬಾಲ ಹಿಡಿದು ಯಾರು ಕೂಡುತ್ತಾರೆ ಎಂದು ನಕ್ಕನಂತೆ. ಕಾಕಾ ಅವನನ್ನು ಅಂಗಡಿಯ ಮೆಟ್ಟಿಲು ಹತ್ತಗೊಡಲಿಲ್ಲ, ಬಹಳ ದಿನ.

ಇಷ್ಟೇಕೆ ಹಚ್ಚಿಕೊಳ್ಳುತ್ತೀರಿ, ಪಿಕ್ಚರ್ ತಾನೇ ಎಂದು ನಾನೇ ಒಂದು ದಿನ ಕೇಳಿದೆ. ಕಾಕಾ ಬೀದಿಯ ಕಡೆ ತಿರುಗಿದರು.

"ಗಾಡಿ ಬಂದು ನಿಂತಿತ್ತು ಅಕ್ಕಾರ," ಎಂದರು. "ಟ್ರಂಕ್ ಎತ್ತಾಕ ಕೈ ಬಿಟ್ಟೆ. ಟ್ರಂಕ್ ಅಷ್ಟ ಮನಿಗೆ ಬಂತು."

ಓಣಿಯವರು ಹೇಳಿದ್ದ ಕತೆಯಲ್ಲಿ ಈ ಮಾತು ಇರಲಿಲ್ಲ. ಕಾಕೂ ಒಂದು ದಿನವೂ ಗಂಡನನ್ನು ಬೈದವರಲ್ಲವಂತೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದೂ ಹೇಳಿದರು. ಆ ಹೊತ್ತಿಗೆ ನನಗೆ ಮಕ್ಕಳಿರಲಿಲ್ಲ. ಆದರೂ ಮಾಳಿಗೆ ಹತ್ತಿ ಹೋದ ಮೇಲೆ ಅಡಿಗೆ ಮಾಡಲು ಕೈ ಏಳಲಿಲ್ಲ.

ಆ ಮಳೆಗಾಲ ಮುಗಿಯುವಾಗ ಕಾಕಾ ಒಂದು ಬೆಳಿಗ್ಗೆ ನನ್ನನ್ನು ಕರೆದರು. ಕಾಕೂ ಕಾಯಿಪಲ್ಲೆ ತರಲು ಹೋಗಿದ್ದರು. ಎರಡು ವಿಸಿಆರ್‌ಗಳನ್ನು ವೈರಿನಿಂದ ಜೋಡಿಸಿಟ್ಟಿದ್ದರು. ಅಂಗಡಿ ತುಂಬ ಸ್ಪಿರಿಟ್ ವಾಸನೆ. ಮದುವೆ ಕ್ಯಾಸೆಟ್ಟಿನಲ್ಲಿ ಬೇಡವಾದ ಭಾಗ ತೆಗೆದು ಹಾಡು ಸೇರಿಸಿಕೊಡುವುದು ಅಂಗಡಿಯವರೆಲ್ಲ ಮಾಡುತ್ತಿದ್ದ ಕೆಲಸವೇ. ಕಾಕಾ ಈ ಚಿತ್ರಕ್ಕೂ ಅದನ್ನೇ ಮಾಡಿದ್ದರು. ಸಣ್ಣವನು ಜನರಲ್ಲಿ ಮರೆಯಾಗುತ್ತಾನೆ. ಟೀವಿಯ ಮೇಲೆ ಒಂದು ಕ್ಷಣ ಇರುವೆ ಮುತ್ತಿದಂತಾಗುತ್ತದೆ. ಆಮೇಲೆ ಬೇಕರಿ ಇಲ್ಲ. ಒಂದು ಅಡಿಗೆಮನೆ. ದೊಡ್ಡ ಟೊಪ್ಪಿಗೆಯ ಸಣ್ಣ ಹುಡುಗನೊಬ್ಬ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾನೆ, ದಪ್ಪ ಹೆಂಗಸೊಬ್ಬಳು ಬಟ್ಟಲಿನಿಂದ ಅವನಿಗೆ ಉಣ್ಣಿಸುತ್ತಿದ್ದಾಳೆ. ಬೇರೆ ಯಾವುದೋ ಕ್ಯಾಸೆಟ್ಟಿನಿಂದ ಹುಡುಕಿ ತೆಗೆದದ್ದು ಅದು.

ಅದೇ ಹುಡುಗ ಎನಿಸುತ್ತದೆಯೇ ಎಂದು ಕೇಳಿದರು. ಟೊಪ್ಪಿಗೆಯ ನೆರಳಿನಲ್ಲಿ ಮುಖ ಅಷ್ಟಾಗಿ ಕಾಣುತ್ತಿರಲಿಲ್ಲ. ಆದರೆ ಸ್ಟೂಲಿನಿಂದ ಇಳಿಬಿದ್ದ ಕಾಲುಗಳು ಬರಿಗಾಲು. ಆ ದೊಡ್ಡ ಬೂಟು ಇಲ್ಲ. ನನ್ನ ನಾಲಿಗೆಗೆ ಎಲುಬಿಲ್ಲ, ಕಾಲು ನೋಡಿ ಎಂದುಬಿಟ್ಟೆ.

"ಕಾಲು ಯಾರು ನೋಡತಾರ್ರಿ?"

ತಾಯಿ ನೋಡುತ್ತಾಳೆ ಎಂದೆ. ಕಾಕಾನ ಮುಖ ಬಾಡಿತು. ಬಟ್ಟೆಯ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಆಗಲೇ ಒರೆಸಿದ್ದನ್ನು ಮತ್ತೆ ಒರೆಸತೊಡಗಿದರು. ಕೆಡಿಸಿಬಿಟ್ಟೆನಲ್ಲ ಎಂದು ನನಗೆ ಸಂಕಟವಾಯಿತು. ಆದರೆ ಬೇರೆ ತುಣುಕು ಅವರ ಬಳಿ ಇರಲಿಲ್ಲ.

ಮಧ್ಯಾಹ್ನ ಕಾಕೂ ಎಂದಿನಂತೆ ಬಂದು ಕೂತರು. ಕಾಕಾ ನನಗೂ ಇರಲು ಹೇಳಿದ್ದರು, ಒಬ್ಬರೇ ಎದುರಿಸುವ ಧೈರ್ಯ ಅವರಿಗಿರಲಿಲ್ಲ. ಮುಂದಿನ ಭಾಗ ಸಿಕ್ಕಿದೆ ಎಂದಷ್ಟೇ ಹೇಳಿ ಕ್ಯಾಸೆಟ್ ಒಳಗೆ ತಳ್ಳಿದರು. ಬಂಡಿ ಓಡಿತು. ಪೆಟ್ಟಿಗೆ ಕಳಚಿತು. ಜನ ಅಡ್ಡ ಬಂದರು. ಕಾಕೂ ಏಳಲೆಂದು ಮೊಣಕಾಲ ಮೇಲೆ ಕೈ ಊರಿದರು. ಅಷ್ಟರಲ್ಲಿ ಅಡಿಗೆಮನೆ ಬಂತು...

ಅವರು ಎದ್ದು ಟೀವಿಯ ಹತ್ತಿರ ಹೋದರು. ಬಗ್ಗಿ ನೋಡಿದರು. ಅವರ ಕಣ್ಣು ಹುಡುಗನ ಮುಖದಿಂದ ಕೈಗೆ, ಕೈಯಿಂದ ಕಾಲಿಗೆ ಇಳಿದದ್ದನ್ನು ನಾನು ಕಂಡೆ. ಕಾಕಾ ಕೂಡ ಕಂಡರು. ಗಂಡಸು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಬೂಟ್ ಬಾಗಲದಾಗ ಬಿಟ್ಟು ಒಳಗ ಬಂದಾನ," ಎಂದರು ಕಾಕೂ. "ಶಾಣ್ಯಾ ಅದಾನ."

ಆ ದೇಶದ ಜನ ಬೂಟು ಹಾಕಿಕೊಂಡೇ ಮನೆಯೆಲ್ಲ ತಿರುಗುತ್ತಾರೆ ಎಂಬುದು ನಮ್ಮ ಮೂವರಲ್ಲಿ ಯಾರಿಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅಡಿಗೆಮನೆಗೆ ಯಾರಾದರೂ ಬೂಟು ಹಾಕಿಕೊಂಡು ಹೋಗುತ್ತಾರೆಯೇ? ನಾನೂ ಹೌದಲ್ಲ ಎಂದೇ ಅಂದುಕೊಂಡೆ. ಕಾಕಾ ಗೋಡೆಗೆ ಒರಗಿ ಕೂತುಬಿಟ್ಟರು. ಕಾಕೂ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಮೂರು ಕಪ್ ಚಹಾ ತಂದರು, ಪರದೆಯ ಈಚೆಗೆ.

ಆಮೇಲೆ ಅವರು ಆ ಕ್ಯಾಸೆಟ್ ಹಾಕಲು ಹೇಳಿದ್ದು ನನಗೆ ನೆನಪಿಲ್ಲ. ಕಾಕಾ ಅದನ್ನು ಬಾಡಿಗೆಗೆ ಕೊಡದೆ ಮೇಲಿನ ಫಳಿಯಲ್ಲಿ ಇಟ್ಟರು. ಓಣಿಯ ಮಕ್ಕಳ ಕೈ ಹಿಡಿಯುವುದು ಬಿಡಲಿಲ್ಲ, ಆದರೆ ಯಾವ ಮಗುವೂ ಅಳುತ್ತಿರಲಿಲ್ಲ. ಅದುವರೆಗೆ ಎಲ್ಲಿಗೆ ಹೋಗುವುದಿದ್ದರೂ ಬಸ್ಸನ್ನೇ ಹತ್ತುತ್ತಿದ್ದ ಗಂಡ ಹೆಂಡತಿ ಆ ವರ್ಷದ ದೀಪಾವಳಿಗೆ ಧಾರವಾಡಕ್ಕೆ ರೈಲಿನಲ್ಲಿ ಹೋಗಿಬಂದರು. ಇಷ್ಟು ಹತ್ತಿರಕ್ಕೆ ರೈಲೇಕೆ ಎಂದು ಓಣಿಯವರು ಕೇಳಿದ್ದಕ್ಕೆ ಕಾಕಾ ಎಂದಿನಂತೆ ಸಿಡುಕಿದರು. ನನಗೆ ಮಾತ್ರ ಕೇಳಬೇಕಾದ್ದು ಏನೂ ಇರಲಿಲ್ಲ.

ನಾವು ರಾಯಾಪುರದಲ್ಲಿ ಮನೆ ಕಟ್ಟಿಕೊಂಡು ಬಂದೆವು. ಸಿಡಿ ಬಂತು, ಮನೆಮನೆಗೆ ಕೇಬಲ್ ಬಂತು, ಕ್ಯಾಸೆಟ್ ಕೇಳುವವರು ಇಲ್ಲವಾದರು. ಆ ಕಡೆ ಹೋದಾಗಲೆಲ್ಲ ಕಾಕಾ ಅಂಗಡಿ ತೆರೆದು ಕೂತೇ ಇರುತ್ತಿದ್ದರು. ಗಿರಾಕಿ ಇಲ್ಲದಿದ್ದರೂ ಧೂಳು ಒರೆಸುವುದು, ಸ್ಪಿರಿಟ್ ಹಚ್ಚುವುದು ನಡೆದೇ ಇತ್ತು. ಎರಡು ಸಾವಿರದ ನಂತರದ ಒಂದು ಶ್ರಾವಣದಲ್ಲಿ ಅವರು ತೀರಿಕೊಂಡರು. ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ.

ಮಾತಾಡಿಸಲು ಹೋದಾಗ ಕಾಕೂ ಅಂಗಡಿಯ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಕೂತಿದ್ದರು. ಪರದೆ ತೆಗೆದುಹಾಕಿದ್ದರು. ಆಮೇಲೆ ಮೇಲಿನ ಫಳಿಯ ಕಡೆ ನೋಡಿ ಅವರೇ ಮಾತು ತೆಗೆದರು.

"ಅಂವ ಬ್ಯಾರೆ ಹುಡುಗ ಅಂತ ನನಗ ಅವತ್ತ ಗೊತ್ತಾತು ತಂಗಿ. ಹಡದಾಕಿಗೆ ಗೊತ್ತಾಗೂದಿಲ್ಲೇನು? ಅಷ್ಟು ವರ್ಷ ಇವರು ಖಾಲಿ ಕೈಲೆ ಮನಿಗೆ ಬಂದಿದ್ರು. ಅವತ್ತೊಂದ ದಿನ ಒಬ್ಬಾಂವನ್ನ ಕರಕೊಂಡ ಬಂದಿದ್ರು. ಇಂವ ಅಲ್ಲ ಅಂತ ಹೆಂಗ ಹೇಳಲಿ?"

ಮನೆ ಮಾರಿ ಕಾಕೂ ಉಪ್ಪಿನಬೆಟಗೇರಿಯ ತಂಗಿಯ ಮನೆಗೆ ಹೋದರು. ಕೆಲವು ವರ್ಷಗಳ ಮೇಲೆ ಅವರೂ ಹೋದ ಸುದ್ದಿ ಬಂತು. ಆ ಕ್ಯಾಸೆಟ್ ಏನಾಯಿತು ಎಂದು ಕೇಳಲು ನನಗೆ ಯಾರೂ ಉಳಿಯಲಿಲ್ಲ.

ಮೊನ್ನೆ ತಪಾಸಣೆ ಮುಗಿಸಿ ಮನೆಗೆ ಬಂದವಳು ಫೋನು ಹಿಡಿದು ಕೂತೆ. ಬಂಡಿ, ಟೊಪ್ಪಿಗೆ, ದೊಡ್ಡ ಬೂಟು ಎಂದು ಏನೇನೋ ಹಾಕಿ ಹುಡುಕಿದೆ. ಸಂಜೆಯ ಹೊತ್ತಿಗೆ ಸಿಕ್ಕಿತು. ಯಾರೋ ಪುಣ್ಯಾತ್ಮರು ಎಲ್ಲೆಲ್ಲಿಯದೋ ಹಳೆಯ ರೀಲುಗಳನ್ನು ಕೂಡಿಸಿ, ತೆಗೆದುಹಾಕಿದ್ದ ಬರಹಗಳನ್ನು ಮತ್ತೆ ಸೇರಿಸಿ, ಇಡೀ ಚಿತ್ರವನ್ನು ಮೊದಲು ಇದ್ದ ಹಾಗೆ ಮಾಡಿ ಇಟ್ಟಿದ್ದಾರೆ. ವಟವಟ ಮಾತಿಲ್ಲ, ಡಬ್ಬದ ಸದ್ದಿಲ್ಲ. ಸಣ್ಣವನು ಜನರಲ್ಲಿ ಮರೆಯಾದ ಮೇಲೆ ಹುಡುಗರು ಬೇಕರಿಗೆ ಹೋಗುವುದೇ ಇಲ್ಲ. ಬಂಡಿ ಬಿಟ್ಟು ಅವನನ್ನು ಹುಡುಕುತ್ತಾರೆ, ಸಂತೆಯೆಲ್ಲ ತಿರುಗುತ್ತಾರೆ. ಕಾಯಿಪಲ್ಲೆಯ ಬುಟ್ಟಿಗಳ ನಡುವೆ ಅವನು ನಿದ್ದೆ ಹೋಗಿರುತ್ತಾನೆ. ಎಬ್ಬಿಸಿ, ಕೈ ಹಿಡಿದು ಮನೆಗೆ ಕರೆತರುತ್ತಾರೆ. ಬಾಗಿಲಲ್ಲಿ ಅವನ ತಾಯಿ ನಿಂತಿರುತ್ತಾಳೆ.

ನಾನು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಅವನ ಕಾಲನ್ನೇ ನೋಡಿದೆ. ಆ ದೊಡ್ಡ ಬೂಟು ಹಾಕಿಕೊಂಡೇ ಹುಡುಗ ಹೊಸ್ತಿಲು ದಾಟಿ ಒಳಗೆ ಹೋದ. ಕರೆತಂದವನು ಅವನ ಕೈಯನ್ನು ತಾಯಿಯ ಕೈಗೆ ಕೊಟ್ಟ ಮೇಲೆಯೇ ಬಿಟ್ಟ. ಹುಡುಗ ಸಿಕ್ಕ ಕಾಕಾ, ಮುಂದಿನ ಭಾಗ ಸಿಕ್ಕಿತು ಎಂದು ಓಡಿಹೋಗಿ ಹೇಳಬೇಕೆನಿಸಿತು. ಹೇಳಲು ಕೆಳಗಿನ ಮನೆಯಲ್ಲಿ ಈಗ ಯಾರೂ ಇಲ್ಲ.