ಮಜ್ಜಿಗೆ ದ್ಯಾವಮ್ಮ ಹಿಡಿಸಿದ ಕೊಲೆಗಾರ

೧೯೪೩ರ ಬೇಸಿಗೆಯಲ್ಲಿ ದಾಬಸ್‌ಪೇಟೆ ದಾರಿಯಲ್ಲಿ ಮೂವರು ಗಾಡಿಯವರು ವಿಷದಿಂದ ಸತ್ತಿದ್ದರು. ಯಾರ ಗಂಟೂ ಕಳುವಾಗಿರಲಿಲ್ಲ. ರಸ್ತೆ ಬದಿ ಮಜ್ಜಿಗೆ ಮಾರುವ ದ್ಯಾವಮ್ಮ ಮೂರು ಸಾವಿನ ಮನೆಗೂ ಹೋಗಿದ್ದಳು. ಸೂಜಿದಾರ ಮಾರುವ, ನಯವಾದ ಮಾತಿನ ಲಕ್ಷ್ಮಯ್ಯ ಮೂರು ಕಡೆಯೂ ಬಂದಿದ್ದ; ಹೆಣ ಬಿಟ್ಟು ಅಳುವವರ ಮುಖವನ್ನೇ ಆಸೆಯಿಂದ ನೋಡುತ್ತಿದ್ದ. ಅಂದಿನಿಂದ ದ್ಯಾವಮ್ಮ ಅವನ ಮೇಲೆ ಕಣ್ಣಿಟ್ಟಳು.

ಒಂದು ಮಧ್ಯಾಹ್ನ ಅವನು, ದ್ಯಾವಮ್ಮನ ಹತ್ತಿರ ಮಜ್ಜಿಗೆ ಕುಡಿಯಲು ಕೂತಿದ್ದ ಗಾಡಿ ಹೊಡೆಯುವ ಆವಲಪ್ಪನ ಲೋಟಕ್ಕೆ ಏನೋ ಉದುರಿಸಿದ. ದ್ಯಾವಮ್ಮ ಲೋಟ ಕಿತ್ತುಕೊಂಡು, "ಹಿಡ್ಕೊಳ್ರಪ್ಪೋ, ಇವನೇ!" ಎಂದು ಕಿರುಚಿದಳು. ಓಡಿದವನನ್ನು ಗಾಡಿಯವರು ಕೆರೆ ಏರಿ ಮೇಲೆ ಕೆಡವಿದರು. ಜೇಬಲ್ಲಿ ವಿಷದ ಉಮ್ಮತ್ತಿ ಬೀಜದ ಪುಡಿ ಸಿಕ್ಕಿತು.

"ಅವ್ರು ನಿಂಗೇನು ಮಾಡಿದ್ರೋ?" ದ್ಯಾವಮ್ಮ ಕೇಳಿದಳು.

"ಏನೂ ಇಲ್ಲ ಕಣಕ್ಕ. ಮನೆಯೋರು ಬಡ್ಕೊಂಡು ಅಳೋದು ನೋಡಿದ್ರೆ ನಂಗೆ ಹಬ್ಬ ಇದ್ದಂಗಿರುತ್ತೆ," ಎಂದು ಅವನು ನಕ್ಕ.

ಪೊಲೀಸರು ಅವನನ್ನು ಎಳೆದೊಯ್ದರು. ಆವಲಪ್ಪ ದ್ಯಾವಮ್ಮನ ಕಾಲಿಗೆ ಬಿದ್ದ. ಅವಳ ಮುಖದ ತುಂಬ ಗೆಲುವು. "ಏಳಪ್ಪಾ, ಎತ್ತುಗಳು ಬಿಸಿಲಲ್ಲಿ ನಿಂತವೆ," ಎಂದಳು.