ತಿಪ್ಪಣ್ಣನ ಅಪ್ಪ ಕಟ್ಟಿದ ಕಂತು

ಇವತ್ತಿನ ಕಥೆ ಕೇಳಿ, ಗೆಳೆಯರೇ. ಬೆಳಿಗ್ಗೆ ಬಳ್ಳಾರಿಯ ವಿಮೆ ಏಜೆಂಟರು ರಾಯದುರ್ಗದ ನಮ್ಮ ಮನೆಗೇ ಬಂದು, "ಹನುಮಂತಪ್ಪನೋರೇ, ನಿಮ್ಮ ಕಂತು ಮದ್ರಾಸಿನ ಕಂಪನಿಗೆ ಮುಟ್ಟಿಲ್ರಿ. ಪಾಲಿಸಿ ಇವತ್ತಿಗೆ ರದ್ದಾಗತೈತಿ" ಎಂದರು. ಹೊಸದು ಬೇಕೆಂದರೆ ಡಾಕ್ಟರ ಪರೀಕ್ಷೆ ಆಗಬೇಕು. ಈ ಕೆಮ್ಮು ಇಟ್ಟುಕೊಂಡು ನಾನು ಅದರಲ್ಲಿ ಪಾಸಾಗುವುದು ಸುಳ್ಳು.

ಮನಿಯಾರ್ಡರ್ ಮಾಡಿದ್ದು ನನ್ನ ಹೆಂಡತಿ. ಆಗ ನಾನು ಉಣ್ಣೆ ಖರೀದಿಗೆ ಗುಮ್ಮಘಟ್ಟಕ್ಕೆ ಹೋಗಿದ್ದೆ.

"ಪೋಸ್ಟಾಫೀಸಿನಾಗ ಯಾರ ಹೆಸರು ಹೇಳಿದಿ?" ಎಂದೆ.

"ನಿಮ್ಮ ಹೆಸರು ನಾ ಹೆಂಗ ಹೇಳ್ಲಿರಿ? ತಿಪ್ಪಣ್ಣನ ಅಪ್ಪ ಅಂದೆ."

ತಿಪ್ಪಣ್ಣ ನಮ್ಮ ಮಗ. ಗುಮಾಸ್ತರು ಅವನ ಹೆಸರನ್ನೇ ಬರೆದುಬಿಟ್ಟಿದ್ದಾರೆ!

ಏಜೆಂಟರು ಹಣೆ ಬಡಿದುಕೊಂಡರು. "ತಿಪ್ಪಣ್ಣ ಅನ್ನೋರ ರೊಕ್ಕ ಅಲ್ಲಿ ಹಂಗೇ ಬಿದ್ದೈತ್ರಿ, ಆ ಹೆಸರಿನ ಪಾಲಿಸಿನೇ ಇಲ್ಲ! ಅದು ಯಾರ ಕಂತು ಅಂತ ರೊಕ್ಕ ಕಳಿಸಿದ ನೀವೇ ಹೇಳ್ಬೇಕ್ರಮ್ಮ, ಬರಕೊಂತೀನಿ."

ಇವಳು ನನ್ನತ್ತ ಕೈ ತೋರಿಸಿದಳು.

"ಕೈ ತೋರ್ಸಿದ್ರ ಮದ್ರಾಸಿಗೆ ಕಾಣ್ತೈತೇನ್ರಮ್ಮ?"

ಇವಳು ಮತ್ತೆ ನನ್ನತ್ತಲೇ ಕೈ ತೋರಿಸಿದಳು. ಕೊನೆಗೆ ಅವರೇ ನನ್ನ ಹೆಸರು ಬರೆದು ಓದಿ ಹೇಳಿದರು. ಇವಳು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಪಾಲಿಸಿ ಉಳಿಯಿತು.

ಅವರು ಹೋದ ಮೇಲೆ ಕೇಳಿದೆ: "ನಾಳೆ ನಾ ಸತ್ತರ, ವಿಮೆ ರೊಕ್ಕ ತಗೊಳ್ಳಾಕ ನನ್ನ ಹೆಸರು ಹೇಳಬೇಕಾಗತೈತಿ. ಆಗೇನು ಮಾಡ್ತಿ?"

"ಅದಕ್ಕ ನೀವು ಸಾಯಬ್ಯಾಡ್ರಿ" ಎಂದು ಕಷಾಯದ ಲೋಟ ಕೈಗಿಟ್ಟಳು.

ಇಂಥ ಷರತ್ತನ್ನು ಮದ್ರಾಸಿನವರೂ ಹಾಕಿಲ್ಲ.