ಕಿವಿಯಿಂದ ಕರೆಂಟು ಅಳೆದ ಕಾಕಾ

ಅಣ್ಣಾಸಾಹೇಬ ಕಾಕಾ ಕರೆಂಟನ್ನು ಕಿವಿಯಿಂದ ಅಳೆಯುತ್ತಿದ್ದರು. ಉಗಾರ ಖುರ್ದದ ಅವರ ಬಾಡಿಗೆ ಚಾಳಿನಲ್ಲಿ ಆರು ಖೋಲಿ, ಎಲ್ಲಕ್ಕೂ ಸೇರಿ ಮೀಟರು ಒಂದೇ. ಬಿಲ್ಲು ಬಂದ ಸಂಜೆ ಯಾರ ಪಾಲು ಎಷ್ಟೆಂದು ಹಂಚಲು ಕಾಕಾ ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಲ್ಲುವರು. ಹೆಚ್ಚು ಸದ್ದು ಮಾಡುವುದೇ ಹೆಚ್ಚು ಕರೆಂಟು ತಿನ್ನುತ್ತದೆ ಎಂಬುದು ಅವರ ಮಹಾಶೋಧ. “ಯೂನಿಟ್ ಯಾರ ಕಣ್ಣಿಗಿ ಕಂಡೈತ್ರಿ? ಬಲ್ಬ್ ಆದ್ರ ಕಾಣತೈತಿ,” ಎನ್ನುವರು. ಹಾಗಾಗಿ ಅವರ ಅಳತೆ ಬಲ್ಬಿನದು. ಟ್ಯೂಬ್‌ಲೈಟಿಗೆ ಒಂದು ಬಲ್ಬು, ಕಟಕಟ ಎನ್ನುವ ಫ್ಯಾನಿಗೆ ಎರಡು, ಮಿಕ್ಸರಿಗೆ ಮೂರು.

ನನ್ನ ಖೋಲಿಯಲ್ಲಿ ನೀರು ಕಾಯಿಸುವ ಕಾಯಿಲ್ ಇತ್ತು. ಕಾಕಾ ಬಕೀಟಿನ ಮೇಲೆ ಬಾಗಿ ಕಿವಿಗೊಟ್ಟರು.

“ಸುಮ್ನ ಕುಂತೈತಿ ಪಾಪ. ಏನ ತಿಂದೀತು?”

ಸೊನ್ನೆ ಹಾಕಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆದರೂ ಹಿರಿಯರ ಶೋಧವನ್ನು ತಿದ್ದುವಷ್ಟು ಅಹಂಕಾರ ನನಗಿರಲಿಲ್ಲ. ಎರಡು ವರ್ಷ ಬಹಳ ವಿನಯದಿಂದ ಬಿಸಿನೀರಿನ ಸ್ನಾನ ಮಾಡಿದೆ.

ಕಾಕಾನ ಖೋಲಿಗೂ ನನ್ನ ಖೋಲಿಗೂ ನಡುವೆ ಸುಶೀಲಕ್ಕ ಇದ್ದಳು. ಬ್ಲೌಸ್ ಹೊಲಿದು ಬದುಕುವವಳು. ಮೊಣಕಾಲು ಕೈಕೊಟ್ಟು, ಮಷೀನು ತುಳಿಯಲಾಗದೆ, ಅದಕ್ಕೊಂದು ಹಳೆಯ ಮೋಟರು ಹಾಕಿಸಿದಳು. ಅದು ಗುರ್ರೆಂದಿತು. ಕಾಕಾ ಆರು ಬಲ್ಬು ಬರೆದರು.

“ಆರ್ ಬಲ್ಬ್ ಎಲ್ಲಿಂದ ಕೊಡ್ಲಿ? ನೋವಾದ್ರೂ ತುಳಿಯೂದ ಚಲೋ. ಮೋಟರ್ ಬಿಚ್ಚತೀನಿ, ಸ್ಕ್ರೂಡ್ರೈವರ್ ಇದ್ರ ಕೊಡ್ರಿ ಮಾಸ್ತರ,” ಎಂದು ಆಕೆ ನನ್ನನ್ನೇ ಕೇಳಬೇಕೆ!

ಒಳಗೆ ಹುಡುಕಲು ಹೋದರೆ ಮೊದಲು ಕಣ್ಣಿಗೆ ಬಿದ್ದದ್ದು ಆ ಪಾಪದ ಕಾಯಿಲ್. ಸ್ಕ್ರೂಡ್ರೈವರ್ ಸಿಗಲಿಲ್ಲ ಎಂದೆ. ಮರುದಿನ ಅಥಣಿಯಿಂದ ಸಣ್ಣ ಮೀಟರೊಂದನ್ನು ತಂದು ಕಾಕಾನ ಎದುರೇ ಆಕೆಯ ಮೋಟರನ್ನೂ ನನ್ನ ಕಾಯಿಲನ್ನೂ ಒಂದಾದ ಮೇಲೊಂದು ಜೋಡಿಸಿ ತೋರಿಸಿದೆ. ಮೋಟರಿಗೆ ಅಂಕಿ ಆಕಳಿಸಿತು, ಕಾಯಿಲಿಗೆ ಓಟ ಕಿತ್ತಿತು. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮಂಗ ಐತಿ ಬಿಡ್ರಿ ಮಾಸ್ತರ. ಬಾಯಿ ಮುಚ್ಚಿಗೊಂಡ ತಿಂತೈತಿ.”

ಅಂದಿನಿಂದ ಸುಶೀಲಕ್ಕನಿಗೆ ಒಂದು ಬಲ್ಬು, ನನಗೆ ಹನ್ನೆರಡು. ಯೂನಿಟ್ಟನ್ನು ಮಾತ್ರ ಕಾಕಾ ಕೊನೆಯವರೆಗೂ ಒಪ್ಪಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಬೆವರಿನಲ್ಲಿ ತೊಯ್ದಿದ್ದರು, ಫ್ಯಾನು ಬಂದ್. ನಾನು ಹಾಕಿದೆ, ಕಟಕಟ ಶುರುವಾಯಿತು.

“ಎರಡ ಬಲ್ಬ್ ತಿಂತೈತಿ. ಬಂದ್ ಮಾಡ್ರಿ.”

ಬಂದ್ ಮಾಡಿದೆ. ಗೋಡೆಯಾಚೆ ಸುಶೀಲಕ್ಕನ ಮೋಟರು ಗುರ್ರೆನ್ನುವುದು ಕೇಳಿಸಿತು. ಕಾಕಾ ಕಣ್ಣು ಮುಚ್ಚಿ ಕಿವಿಗೊಟ್ಟರು.

“ಅದ ಒಂದ ಬಲ್ಬ್,” ಎಂದರು. “ನಡೀಲಿ.”

ಈಗ ಕಾಕಾ ಇಲ್ಲ. ಅವರ ಮಗ ಖೋಲಿಗೊಂದು ಮೀಟರು ಕೂರಿಸಿದ್ದಾನೆ. ಲೆಕ್ಕವೆಲ್ಲ ಯೂನಿಟ್ಟಿನಲ್ಲಿ, ಬಾಗಿಲಿಗೆ ಯಾರೂ ಬರುವುದಿಲ್ಲ. ಆದರೂ ಕಾಯಿಲ್ ಹಾಕುವಾಗ ನಾನು ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.